ಮೀನಿನ ಕೊಳದ ಗಿಡದ ಫಿಲ್ಟರ್: ಗಿಡ ಸೊರಗದಂತೆ ಬೆಳೆಸುವುದು ಹೇಗೆ

ಗಿಡದ ಫಿಲ್ಟರ್ ಅಂದರೆ ಕೊಳದ ನೀರು ಶುದ್ಧ ಮಾಡಲು ಗಿಡ ನೆಟ್ಟ ಜಲ್ಲಿ ಹಾಸು. ಅದರಲ್ಲಿ ಗಿಡ ಸೊರಗಿದೆ ಅನ್ನಿಸಿದ ಕೂಡಲೇ ಎಲ್ಲರೂ ಎಲೆ ನೋಡುತ್ತಾರೆ. ನೀವು ಬೇರು ನೋಡಿ. ಒಂದು ಗಿಡದ ಬುಡಕ್ಕೆ ಕೈ ಹಾಕಿ, ಸುತ್ತಲಿನ ಜಲ್ಲಿ ಸರಿಸಿ, ನಿಧಾನವಾಗಿ ಮೇಲಕ್ಕೆತ್ತಿ. ಬೇರು ಬೆಳ್ಳಗೆ, ಗಟ್ಟಿಯಾಗಿ, ಸಣ್ಣ ಸಣ್ಣ ಕವಲು ಒಡೆದಿದ್ದರೆ ನಿಮ್ಮ ಹಾಸು ಸರಿ ಇದೆ, ಗಿಡಕ್ಕೆ ಊಟ ಸಾಲುತ್ತಿಲ್ಲ ಅಷ್ಟೇ. ಬೇರು ಕಂದು ಬಣ್ಣಕ್ಕೆ ತಿರುಗಿ, ಎರಡು ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಲ್ಲಿ ಗಾಳಿ ಇಲ್ಲ. ಈ ಎರಡು ತೊಂದರೆಗೆ ಮದ್ದು ಬೇರೆ ಬೇರೆ. ಗಾಳಿ ಇಲ್ಲದ ಹಾಸಿಗೆ ಗೊಬ್ಬರ ಸುರಿದರೆ ಕೊಳ ಇನ್ನಷ್ಟು ಕೆಡುತ್ತದೆ.

ಆದ್ದರಿಂದ ಈ ಲೇಖನದಲ್ಲಿ ಬೇರಿನಿಂದಲೇ ಶುರು ಮಾಡುತ್ತೇನೆ. ಹೊಸದಾಗಿ ಫಿಲ್ಟರ್ ಕಟ್ಟುವವರು ಮೊದಲಿನಿಂದ ಓದಿ. ಈಗಾಗಲೇ ಕಟ್ಟಿ ಗಿಡ ಮೇಲೇಳುತ್ತಿಲ್ಲ ಅಂತ ಬೇಸರದಲ್ಲಿರುವವರು ನಡುವಿನ ಭಾಗಕ್ಕೆ ಹೋದರೂ ನಡೆಯುತ್ತದೆ, ಆದರೆ ನೀರು ಮತ್ತು ಜಲ್ಲಿಯ ವಿಷಯ ಬಿಡಬೇಡಿ. ನಾನು ನೋಡಿದ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಶುರುವಾಗಿರುತ್ತವೆ.

ಒಳಗೆ ಏನು ನಡೆಯುತ್ತದೆ

ಕೊಳದ ನೀರನ್ನು ಪಂಪ್ ಎತ್ತಿ ಜಲ್ಲಿ ಹಾಸಿನ ತಳಕ್ಕೆ ಕೊಡುತ್ತದೆ. ನೀರು ಜಲ್ಲಿಯ ಸಂದಿಯಲ್ಲಿ ಮೇಲೇರಿ, ಒಂದು ಬದಿಯಿಂದ ಮತ್ತೆ ಕೊಳಕ್ಕೆ ಬೀಳುತ್ತದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ಅದೇ ಗಿಡದ ಮುಖ್ಯ ಆಹಾರ.

ಈ ಬ್ಯಾಕ್ಟೀರಿಯಾಕ್ಕೂ ಗಾಳಿ ಬೇಕು, ಬೇರಿಗೂ ಗಾಳಿ ಬೇಕು. ಎರಡಕ್ಕೂ ಅದು ಹರಿಯುವ ನೀರಿನಲ್ಲೇ ಬರಬೇಕು. ನೀರು ನಿಂತರೆ ಇಬ್ಬರೂ ಉಸಿರು ಕಟ್ಟುತ್ತಾರೆ.

ಹಾಸಿನ ಅಳತೆ ಮತ್ತು ಜಲ್ಲಿ

ಹಾಸಿನ ವಿಸ್ತೀರ್ಣ ಕೊಳದ ಮೇಲ್ಮೈಯ ಐದನೇ ಒಂದು ಭಾಗದಷ್ಟಾದರೂ ಇರಲಿ. ಕೋಯಿಯಂಥ ದೊಡ್ಡ ಮೀನು, ಅದೂ ಜಾಸ್ತಿ ಸಂಖ್ಯೆಯಲ್ಲಿ ಇದ್ದರೆ ಮೂರನೇ ಒಂದು ಭಾಗ ಬೇಕು. 2 ಮೀಟರ್ ಅಗಲ, 3 ಮೀಟರ್ ಉದ್ದದ ಕೊಳ ಅಂದುಕೊಳ್ಳಿ, ಅಂದರೆ 6 ಚದರ ಮೀಟರ್. ಅದಕ್ಕೆ 1.2ರಿಂದ 2 ಚದರ ಮೀಟರ್ ಹಾಸು. ಜಲ್ಲಿ 30 ಸೆಂಟಿಮೀಟರ್ ಆಳ ಸಾಕು. ಇನ್ನೂ ಆಳ ಮಾಡಿದರೆ ಒಳ್ಳೆಯದು ಅನ್ನಿಸುತ್ತದೆ, ಆದರೆ ಕೆಳಗಿನ ಪದರಕ್ಕೆ ಬೇರು ಅಷ್ಟಾಗಿ ಹೋಗುವುದಿಲ್ಲ, ಕೆಸರು ಮಾತ್ರ ಸೇರುತ್ತದೆ.

ಜಲ್ಲಿ ಸುಮಾರು 10 ಮಿಲಿಮೀಟರ್ ಗಾತ್ರದ ಗುಂಡಗಿನ ಕಲ್ಲಾದರೆ ಬಹಳ ಒಳ್ಳೆಯದು. ಮರಳು ಬೇಡವೇ ಬೇಡ, ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ತೀರಾ ದೊಡ್ಡ ಕಲ್ಲೂ ಬೇಡ, ಎಳೆ ಗಿಡ ನಿಲ್ಲುವುದಿಲ್ಲ. ಸುಣ್ಣದಕಲ್ಲು ಬಂದುಬಿಟ್ಟರೆ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ಏರಿ, ಮುಂದೆ ಹೇಳುವ ಕಬ್ಬಿಣದ ತೊಂದರೆ ಬೆನ್ನು ಬಿಡುವುದಿಲ್ಲ. ಪರೀಕ್ಷೆ ಸುಲಭ. ನಾಲ್ಕಾರು ಕಲ್ಲು ತೊಳೆದು ಒಣಗಿಸಿ, ಮೇಲೆ ವಿನೆಗರ್ ಹನಿಸಿ, ನೊರೆ ಅಥವಾ ಗುಳ್ಳೆ ಬಂದರೆ ಆ ಕಲ್ಲು ಬೇಡ.

ಜಲ್ಲಿಯನ್ನು ಹಾಕುವ ಮೊದಲು ತೊಳೆಯಿರಿ. ಬುಟ್ಟಿಯಲ್ಲಿ ಹಾಕಿ, ನೀರು ಬಿಟ್ಟು, ಕೆಳಗೆ ತಿಳಿನೀರು ಬರುವವರೆಗೂ ಅಲ್ಲಾಡಿಸಿ. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಬಿಟ್ಟ ದೂಳು ಆಮೇಲೆ ತಳದಲ್ಲಿ ಕೆಸರಾಗಿ ಕೂತು ಬೇರನ್ನೇ ಕೊಳೆಸುತ್ತದೆ.

ಪಂಪ್‌ನ ನೀರನ್ನು ಜಲ್ಲಿಯೊಳಗೆ ಹಂಚುವ ತಳದ ಪೈಪ್‌ಗೆ ಗರಗಸದಿಂದ ಸಾಲಾಗಿ ಸೀಳು ಹಾಕಿ, ಎಲ್ಲ ಸೀಳುಗಳನ್ನು ಕೂಡಿದ ಅಳತೆ ಪೈಪ್‌ನ ಬಾಯಿಗಿಂತ ದೊಡ್ಡದಿರಲಿ, ಇಲ್ಲದಿದ್ದರೆ ಪಂಪ್ ಒದ್ದಾಡುತ್ತದೆ. ಪೈಪ್‌ನ ಕೊನೆಯನ್ನು ಮೇಲಕ್ಕೆ ತಿರುಗಿಸಿ ಜಲ್ಲಿಯಿಂದ ಹೊರಗೆ ತಂದು ತಿರುಪು ಮುಚ್ಚಳ ಹಾಕಿಡಿ. ಮುಂದೊಂದು ದಿನ ಒಳಗಿನ ಕೆಸರು ತೆಗೆಯಲು ಇದೊಂದೇ ದಾರಿ. ಇದನ್ನು ಮಾಡದೆ ಕಟ್ಟಿದವರು ಎರಡು ಮೂರು ವರ್ಷಕ್ಕೆ ಇಡೀ ಜಲ್ಲಿ ಎತ್ತಬೇಕಾಗುತ್ತದೆ.

ನೀರು ನಿಲ್ಲಬಾರದು

ಪಂಪ್ ಹಗಲೂ ರಾತ್ರಿ ಓಡಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹಾಕುವ ಅಭ್ಯಾಸ ಕಾರಂಜಿಗೆ ಸರಿ, ಗಿಡದ ಫಿಲ್ಟರ್‌ಗೆ ಸಲ್ಲ. ಜಲ್ಲಿಯೊಳಗಿನ ಬ್ಯಾಕ್ಟೀರಿಯಾ ಇದ್ದಷ್ಟು ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತವೆ. ಸೆಖೆ ಇದ್ದಾಗ ಇನ್ನೂ ಬೇಗ. ಕೊಳದ ಪೂರ್ತಿ ನೀರು ಒಂದೆರಡು ಗಂಟೆಗೆ ಒಂದು ಸುತ್ತು ಬರುವಷ್ಟು ಹರಿವು ಸಾಕು. 6,000 ಲೀಟರ್ ಕೊಳಕ್ಕೆ ಗಂಟೆಗೆ 3,000ದಿಂದ 6,000 ಲೀಟರ್ ಕೊಡುವ ಪಂಪ್. ಎತ್ತರಕ್ಕೆ ಏರಿಸಿದಷ್ಟೂ ಪಂಪ್ ಕೊಡುವ ನೀರು ಕಡಿಮೆಯಾಗುತ್ತದೆ, ಡಬ್ಬಿಯ ಮೇಲಿನ ಅಂಕಿ ನೆಚ್ಚಿಕೊಳ್ಳಬೇಡಿ. ಒಂದು ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು ಅಂತ ಅಳೆದುಬಿಡಿ.

ಕರೆಂಟ್ ಹೋಗಿ ಅಥವಾ ಪಂಪ್ ಕೆಟ್ಟು ಅರ್ಧ ದಿನಕ್ಕಿಂತ ಹೆಚ್ಚು ನಿಂತಿದ್ದರೆ ನೇರವಾಗಿ ಸ್ವಿಚ್ ಹಾಕಬೇಡಿ. ಹಾಸಿನಲ್ಲಿ ನಿಂತ ನೀರು ಅಷ್ಟರಲ್ಲಿ ಕೆಟ್ಟಿರುತ್ತದೆ. ಅದನ್ನು ಮೇಲಿನ ಮುಚ್ಚಳ ತೆಗೆದು ಸಣ್ಣ ಪಂಪ್‌ನಿಂದ ಹೊರಗೆ ಚೆಲ್ಲಿ, ತೋಟದ ಗಿಡಕ್ಕೆ ಹಾಕಿದರೂ ಆಯ್ತು, ಆಮೇಲೆ ಪಂಪ್ ಶುರು ಮಾಡಿ. ಇಲ್ಲದಿದ್ದರೆ ಆ ಕೆಟ್ಟ ನೀರೆಲ್ಲ ಒಂದೇ ಸಲ ಮೀನಿನ ಮೇಲೆ ಬೀಳುತ್ತದೆ.

ನೀರಿನ ಮಟ್ಟ ಜಲ್ಲಿಯ ಮೇಲ್ಭಾಗಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೇ ಇರಲಿ. ಮೇಲೆ ನೀರು ನಿಂತರೆ ಬಿಸಿಲಿಗೆ ಪಾಚಿ ಕಟ್ಟುತ್ತದೆ, ಸೊಳ್ಳೆಗೂ ಜಾಗ ಆಗುತ್ತದೆ. ಒಣ ಜಲ್ಲಿಯ ತೆಳು ಪದರ ಮೇಲಿದ್ದರೆ ಗಿಡದ ಬುಡವೂ ಕೊಳೆಯುವುದಿಲ್ಲ.

ಯಾವ ಗಿಡ ಇಡಬೇಕು

ಬೇಗ ಬೆಳೆಯುವ, ಒದ್ದೆ ಬುಡ ಇಷ್ಟಪಡುವ ಗಿಡ ಬೇಕು. ನನ್ನ ಆಯ್ಕೆಯಲ್ಲಿ ಮೊದಲ ಸ್ಥಾನ ಕ್ಯಾನಾಗೆ. ಬಿಸಿಲಿದ್ದರೆ ಸಾಕು, ಅದು ತಿನ್ನುವಷ್ಟು ನೈಟ್ರೇಟ್ ತಿನ್ನುವ ಹೂಗಿಡ ಕಡಿಮೆ. ನೆರಳು ಜಾಸ್ತಿ ಇರುವ ಕಡೆ ಕೆಸು ಇಡಿ, ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಸಿಕ್ಕರೂ ಅದು ಸೊಗಸಾಗಿ ಎಲೆ ಬಿಡುತ್ತದೆ. ಬಜೆ, ಛತ್ರಿಯಂತೆ ಎಲೆ ಬಿಚ್ಚುವ ಸೈಪರಸ್, ಲಾವಂಚ, ಇವೂ ನಂಬಿಕೆಯ ಗಿಡಗಳು. ಅಂಚಿನಲ್ಲಿ ಹಬ್ಬಲು ಪುದೀನ, ಒಂದೆಲಗ, ನೀರುಬ್ರಾಹ್ಮಿ. ಈ ಹಬ್ಬುವ ಗಿಡಗಳು ಜಲ್ಲಿಗೆ ನೆರಳು ಕೊಟ್ಟು ಪಾಚಿ ತಡೆಯುತ್ತವೆ, ಹಾಗಾಗಿ ಅಂದಕ್ಕೆ ಅಂತ ಮಾತ್ರ ನೋಡಬೇಡಿ.

ಒಂದೇ ಜಾತಿ ತುಂಬಬೇಡಿ. ಎತ್ತರದ್ದು, ನಡುವಿನದು, ನೆಲಕ್ಕೆ ಹಬ್ಬುವುದು, ಮೂರೂ ಇರಲಿ. ಒಂದಕ್ಕೆ ಹುಳ ಬಿದ್ದರೂ ಇನ್ನೊಂದು ಕೆಲಸ ಮುಂದುವರಿಸುತ್ತದೆ.

ಬಿದಿರು, ದೊಡ್ಡ ಜೊಂಡು, ಟೈಫಾ ಇವನ್ನು ಹಾಸಿಗೆ ನೇರವಾಗಿ ನೆಡಬೇಡಿ. ಅವುಗಳ ಬೇರುಗೆಡ್ಡೆಯ ತುದಿ ಸೂಜಿಯಂತೆ, ನೀರು ಸೋರದಂತೆ ತಳಕ್ಕೆ ಹಾಸಿದ ಹಾಳೆಯನ್ನು ತೂತು ಮಾಡಬಲ್ಲದು. ಅಂತರಗಂಗೆ ಮತ್ತು ನೀಲಿ ಹೂವಿನ ನೀರು ಹಯಸಿಂತ್ ತುಂಬಾ ಚೆನ್ನಾಗಿ ನೀರು ಶುದ್ಧ ಮಾಡುತ್ತವೆ, ಆದರೆ ಹಿತವಾದ ಹವೆಯಲ್ಲಿ ಹಯಸಿಂತ್ ಎರಡೇ ವಾರದಲ್ಲಿ ದುಪ್ಪಟ್ಟಾಗಬಲ್ಲದು. ಅನೇಕ ಕಡೆ ಅದನ್ನು ಇಟ್ಟುಕೊಳ್ಳುವುದೇ ನಿಷೇಧ. ಇಟ್ಟುಕೊಂಡರೂ ಹೆಚ್ಚಾದದ್ದನ್ನು ಕೆರೆಗೆ, ಕಾಲುವೆಗೆ ದಯವಿಟ್ಟು ಎಸೆಯಬೇಡಿ. ಬಿಸಿಲಿಗೆ ಒಣಗಿಸಿ ಕಾಂಪೋಸ್ಟ್ ಗುಂಡಿಗೆ ಹಾಕಿ. ಒಂದು ಕೆರೆ ಆ ಗಿಡದಿಂದ ಮುಚ್ಚಿಹೋದರೆ ಕೆಳಗಿನ ಮೀನು ಉಸಿರಾಡಲಾಗದೆ ಸಾಯುತ್ತವೆ.

ನೆಡುವ ದಿನ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ನರ್ಸರಿಯಿಂದ ತಂದ ಗಿಡ ಮಣ್ಣಿನಲ್ಲಿ ಬೆಳೆದಿರುತ್ತದೆ. ಆ ಮಣ್ಣು ಸಮೇತ ಜಲ್ಲಿಗೆ ಇಟ್ಟರೆ ಎರಡು ತೊಂದರೆ: ಮಣ್ಣು ಕರಗಿ ಸಂದಿ ಮುಚ್ಚುತ್ತದೆ, ಮತ್ತು ಬೇರಿನ ಸುತ್ತ ಅಂಟಿದ ಮುದ್ದೆಯೊಳಗೆ ನೀರು ಓಡುವುದೇ ಇಲ್ಲ. ನಾನು ಮೊದಲ ಸಲ ಹಾಗೇ ಇಟ್ಟೆ. ಮೂರು ವಾರ ಕಳೆದು ಕ್ಯಾನಾ ಕಿತ್ತು ನೋಡಿದಾಗ ಹೊರಗಿನ ಬೇರು ಬೆಳ್ಳಗಿತ್ತು, ಒಳಗಿನ ಮುದ್ದೆ ಕಪ್ಪಾಗಿ ನಾರುತ್ತಿತ್ತು. ಎಲ್ಲವನ್ನೂ ಕಿತ್ತು, ತೊಳೆದು, ಮತ್ತೆ ನೆಟ್ಟ ಮೇಲೆಯೇ ಹೊಸ ಎಲೆ ಬಂದದ್ದು.

ಆದ್ದರಿಂದ ಕುಂಡದಿಂದ ತೆಗೆದ ಗಿಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಆಮೇಲೆ ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾ ತೊಳೆಯಿರಿ. ನೀರು ಬದಲಿಸಿ, ಮತ್ತೆ ತೊಳೆಯಿರಿ. ಕುಂಡದ ಮಣ್ಣಿನಲ್ಲಿ ಕೀಟನಾಶಕದ ಅಂಶ ಇರಬಹುದು, ಅದೂ ಇದರಲ್ಲೇ ಹೋಗಲಿ. ಆ ನೀರನ್ನು ಕೊಳಕ್ಕೆ ಹಾಕಬೇಡಿ. ಕೊಳೆತ, ಮುರಿದ ಬೇರನ್ನು ಕತ್ತರಿಸಿ. ಎಲೆಯನ್ನೂ ಮೂರನೇ ಒಂದು ಭಾಗದಷ್ಟು ಕತ್ತರಿಸಿಬಿಡಿ. ಮನಸ್ಸಿಗೆ ಕಷ್ಟ ಆಗುತ್ತದೆ, ಅಲ್ವಾ? ಆದರೆ ಬೇರು ಕಡಿಮೆಯಾದ ಗಿಡ ಅಷ್ಟು ಎಲೆಗೆ ನೀರು ಪೂರೈಸಲಾರದು, ಬಾಡಿ ನಿಂತುಬಿಡುತ್ತದೆ.

ಜಲ್ಲಿಯಲ್ಲಿ ನೀರು ಮುಟ್ಟುವವರೆಗೂ ಗುಂಡಿ ಮಾಡಿ, ಬೇರನ್ನು ಕೆಳಕ್ಕೆ ಬಿಡಿಸಿ ಇಟ್ಟು, ಬುಡ ಜಲ್ಲಿಯ ಮಟ್ಟಕ್ಕೆ ಬರುವ ಹಾಗೆ ಮುಚ್ಚಿ. ಗಿಡದಿಂದ ಗಿಡಕ್ಕೆ 25ರಿಂದ 30 ಸೆಂಟಿಮೀಟರ್. ಸೀಳು ಹಾಕಿದ ಪೈಪ್‌ನ ನೇರ ಮೇಲೆ ಕ್ಯಾನಾದಂಥ ಜೋರು ಬೇರಿನ ಗಿಡ ಬೇಡ, ಅಲ್ಲಿ ಪುದೀನ ಒಂದೆಲಗ ಹಾಕಿ. ದೊಡ್ಡ ಗಿಡ ನಾಲ್ಕು ತರುವ ಬದಲು ಸಣ್ಣದು ಹತ್ತು ತನ್ನಿ. ಎಳೆ ಬೇರು ನೀರಿಗೆ ಬೇಗ ಹೊಂದಿಕೊಳ್ಳುತ್ತದೆ.

ಮೊದಲ ಎರಡು ತಿಂಗಳು

ಮೊದಲ ವಾರ ಗಿಡ ಬಾಡುತ್ತದೆ, ಹಳೆ ಎಲೆ ಹಳದಿಯಾಗಿ ಉದುರುತ್ತದೆ. ಹೆದರಬೇಡಿ. ಮಣ್ಣಿನ ಬೇರು ಸತ್ತು ನೀರಿನ ಬೇರು ಹುಟ್ಟುವ ಹೊತ್ತು ಅದು. ಎರಡು ಮೂರು ವಾರಕ್ಕೆ ಬಿಳಿ ಬೇರು ಕಾಣುತ್ತದೆ. ಬ್ಯಾಕ್ಟೀರಿಯಾ ನೆಲೆ ಊರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಚಳಿ ಇದ್ದರೆ ಇನ್ನೂ ತಡ. ಅಲ್ಲಿಯವರೆಗೆ ಮೀನು ಕಡಿಮೆ ಇರಲಿ, ಆಹಾರವೂ ಕಡಿಮೆ, ಅಮೋನಿಯಾ ಮತ್ತು ನೈಟ್ರೈಟನ್ನು ಎರಡು ದಿನಕ್ಕೊಮ್ಮೆ ಪರೀಕ್ಷಿಸಿ.

ಈ ಹೊತ್ತಿನಲ್ಲಿ ನೀರು ಹಸಿರಾಗುವುದು ಮಾಮೂಲು. ಗಿಡ ಇನ್ನೂ ತಿನ್ನಲು ಶುರು ಮಾಡಿಲ್ಲ, ಉಳಿದ ಆಹಾರ ಪಾಚಿಗೆ ಸಿಗುತ್ತದೆ. ಪಾಚಿ ಕೊಲ್ಲುವ ಔಷಧಿ ಹಾಕಬೇಡಿ. ಅವುಗಳಲ್ಲಿ ಅನೇಕದರಲ್ಲಿ ತಾಮ್ರ ಇರುತ್ತದೆ, ಅದು ಮೀನಿಗೂ ಕೆಟ್ಟದ್ದು, ಗಿಡಕ್ಕೂ ಕೆಟ್ಟದ್ದು. ಕಾಯಿರಿ.

ನಲ್ಲಿ ನೀರು ತುಂಬಿಸುವಾಗ ಕ್ಲೋರಿನ್ ನೋಡಿಕೊಳ್ಳಿ. ಬರೀ ಕ್ಲೋರಿನ್ ಆದರೆ ತೆರೆದ ತೊಟ್ಟಿಯಲ್ಲಿ ಒಂದು ದಿನ ಬಿಟ್ಟರೆ ಹೋಗುತ್ತದೆ. ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ತೆಗೆಯುವ ದ್ರಾವಣ ಬೇಕು. ಹೊಸ ಸಿಮೆಂಟ್ ಕೊಳವಾದರೆ ಮೊದಲು ನೀರು ತುಂಬಿಸಿ, ಕೆಲವು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿಸಿ. ಪಿಎಚ್ 8.5ಕ್ಕಿಂತ ಕೆಳಗೆ ಇಳಿದು ನಿಲ್ಲುವವರೆಗೂ ಗಿಡ, ಮೀನು ಎರಡೂ ಬೇಡ.

ಎಲೆ ಹೇಳುವುದನ್ನು ಓದುವುದು

ಬೇರು ಬೆಳ್ಳಗಿದೆ, ನೀರು ಓಡುತ್ತಿದೆ, ಎರಡು ತಿಂಗಳು ಕಳೆದಿದೆ, ಆದರೂ ಗಿಡ ಪೇಲವ. ಈಗ ಎಲೆ ನೋಡುವ ಹೊತ್ತು. ಮೊದಲು ಒಂದೇ ವಿಷಯ ಗಮನಿಸಿ: ಹಳದಿಯಾಗಿರುವುದು ಹೊಸ ಎಲೆಯೋ, ಹಳೆ ಎಲೆಯೋ?

ಹೊಸ ಎಲೆ ಹಳದಿ, ಆದರೆ ನರ ಮಾತ್ರ ಹಸಿರು. ಬೆಳಕಿಗೆ ಹಿಡಿದರೆ ಹಳದಿ ಬಟ್ಟೆಯ ಮೇಲೆ ಹಸಿರು ದಾರದ ಬಲೆ ಹೊಲಿದಂತೆ ಕಾಣುತ್ತದೆ. ಇದು ಕಬ್ಬಿಣದ ಕೊರತೆ, ಗಿಡದ ಫಿಲ್ಟರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕೊರತೆ. ಮೀನಿನ ಆಹಾರದಲ್ಲಿ ಗಿಡಕ್ಕೆ ಬೇಕಾದಷ್ಟು ಕಬ್ಬಿಣ ಇರುವುದಿಲ್ಲ. ಇದ್ದದ್ದೂ ಪಿಎಚ್ ಜಾಸ್ತಿಯಾದ ನೀರಿನಲ್ಲಿ ತುಕ್ಕಿನಂತೆ ತಳಕ್ಕೆ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ತುಕ್ಕು ಮೊಳೆ ಹಾಕುವುದರಿಂದ ಏನೂ ಆಗುವುದಿಲ್ಲ. ಕೀಲೇಟ್ ಮಾಡಿದ ಕಬ್ಬಿಣ, ಅಂದರೆ ತಳಕ್ಕೆ ಕೂರದೆ ನೀರಿನಲ್ಲಿ ಕರಗಿಯೇ ಇರುವಂತೆ ಬೇರೊಂದು ವಸ್ತುವಿಗೆ ಕಟ್ಟಿದ ಕಬ್ಬಿಣ ಬೇಕು. ಅದರಲ್ಲೂ ಮೂರು ಬಗೆ ಸಿಗುತ್ತದೆ. ಇಡಿಟಿಎ ಪಿಎಚ್ 6.5ರ ಆಸುಪಾಸಿನವರೆಗೆ ಮಾತ್ರ ಕೆಲಸ ಮಾಡುತ್ತದೆ, ಕೊಳಕ್ಕೆ ಉಪಯೋಗ ಕಡಿಮೆ. ಡಿಟಿಪಿಎ ಸುಮಾರು 7.5ರವರೆಗೆ. ಅದಕ್ಕಿಂತ ಪಿಎಚ್ ಹೆಚ್ಚಿದ್ದರೆ ಇಡಿಡಿಎಚ್‌ಎ, ಆದರೆ ಅದು ನೀರಿಗೆ ಕೆಂಪು ಬಣ್ಣ ತರುತ್ತದೆ, ಕೆಲವು ದಿನ ಇದ್ದು ಹೋಗುತ್ತದೆ.

ಅಳತೆ: 1,000 ಲೀಟರ್ ನೀರಿಗೆ 2 ಗ್ರಾಂ ಕಬ್ಬಿಣ. ಪ್ಯಾಕೆಟ್ ಮೇಲೆ 11% ಅಂತ ಇದ್ದರೆ ಸುಮಾರು 18 ಗ್ರಾಂ ಪುಡಿ ಆಯ್ತು. ಒಂದೇ ದಿನ ಸುರಿಯದೆ ಮೂರು ನಾಲ್ಕು ದಿನಕ್ಕೆ ಹಂಚಿ, ಬಕೆಟ್ ನೀರಿನಲ್ಲಿ ಕರಗಿಸಿ ಸಂಜೆ ಹೊತ್ತು ಹಾಸಿನ ಮೇಲೆ ಹಾಕಿ. ಎರಡು ವಾರದಲ್ಲಿ ಹೊಸ ಎಲೆ ಹಸಿರಾಗಿ ಬಿಚ್ಚಿಕೊಂಡರೆ ಕೊರತೆ ಅದೇ ಅಂತ ಗೊತ್ತಾಯಿತು. ಹಳದಿಯಾದ ಎಲೆ ಪೂರ್ತಿ ವಾಪಸ್ ಹಸಿರಾಗದಿದ್ದರೆ ಚಿಂತೆ ಬೇಡ.

ಹಳೆ ಎಲೆಯ ಅಂಚು ಸುಟ್ಟಂತೆ ಕಂದಾಗಿ, ನಡುವೆ ಸಣ್ಣ ಚುಕ್ಕೆ ತೂತು ಬಿದ್ದರೆ ಪೊಟ್ಯಾಸಿಯಂ ಕಡಿಮೆ. ಮೀನಿನ ಆಹಾರದಲ್ಲಿ ಅದೂ ಕಮ್ಮಿ. ಪೊಟ್ಯಾಸಿಯಂ ಸಲ್ಫೇಟನ್ನು ತುಂಬಾ ಸ್ವಲ್ಪದಿಂದ ಶುರು ಮಾಡಿ. ಹಳೆ ಎಲೆಯಲ್ಲಿ ನರ ಹಸಿರು, ಮಧ್ಯೆ ಹಳದಿ ಇದ್ದರೆ ಮೆಗ್ನೀಸಿಯಂ.

ಹಳೆ ಎಲೆ ಇಡೀ ಒಂದೇ ಸಮ ತಿಳಿ ಹಳದಿ, ಗಿಡ ಕುಳ್ಳು. ಇದು ನೈಟ್ರೋಜನ್ ಕಡಿಮೆಯಾದದ್ದು. ನೈಟ್ರೇಟ್ ಪರೀಕ್ಷೆ ಮಾಡಿ, ಸೊನ್ನೆ ಬಂದರೆ ನಿಮ್ಮ ಫಿಲ್ಟರ್ ತನ್ನ ಕೆಲಸ ಪೂರ್ತಿ ಮಾಡಿ ಹಸಿದು ಕೂತಿದೆ. ಮೀನಿಗೆ ಇದಕ್ಕಿಂತ ಒಳ್ಳೆಯ ನೀರು ಇಲ್ಲ! ಗಿಡಕ್ಕಾಗಿ ಯೂರಿಯಾ ಹಾಕಲು ಹೋಗಬೇಡಿ, ಅದು ಅಮೋನಿಯಾ ಆಗಿ ಮೀನನ್ನು ಕೊಲ್ಲುತ್ತದೆ. ಗಿಡ ಕಡಿಮೆ ಮಾಡಿ, ಅಥವಾ ಕಡಿಮೆ ತಿನ್ನುವ ಬಜೆಯಂಥ ಗಿಡಕ್ಕೆ ಬದಲಿಸಿ. ನೈಟ್ರೇಟ್ 40 ಪಿಪಿಎಂ (ಲೀಟರ್‌ಗೆ 40 ಮಿಲಿಗ್ರಾಂ) ಮೀರಿಯೂ ಗಿಡ ಪೇಲವವಾಗಿದ್ದರೆ ಊಟ ತಟ್ಟೆ ತುಂಬಾ ಇದೆ, ತಿನ್ನಲು ಬೇಕಾದ ಬೇರೇನೋ ಇಲ್ಲ. ಮತ್ತೆ ಕಬ್ಬಿಣಕ್ಕೆ, ಇಲ್ಲವೇ ಬೇರಿಗೆ ಹೋಗಿ ನೋಡಿ.

ಉಪ್ಪು ಮತ್ತು ಔಷಧಿ

ಮೀನಿಗೆ ಕಾಯಿಲೆ ಬಂದಾಗ ಕೊಳಕ್ಕೆ ಉಪ್ಪು ಹಾಕುತ್ತಾರೆ. 1,000 ಲೀಟರ್‌ಗೆ 3 ಕೆಜಿ ಅಂದರೆ 0.3%, ಮೀನು ತಡೆದುಕೊಳ್ಳುತ್ತದೆ. ಗಿಡ ತಡೆದುಕೊಳ್ಳುವುದಿಲ್ಲ. ನನ್ನ ಕೆಸುವಿನ ಎಲೆಗಳ ಅಂಚು ಒಂದೇ ವಾರದಲ್ಲಿ ಸುಟ್ಟುಹೋಗಿ, ಆಮೇಲೆ ಆ ಉಪ್ಪು ಹೋಗಲು ಅರ್ಧ ಕೊಳದ ನೀರು ಎರಡು ಸಲ ಬದಲಿಸಬೇಕಾಯಿತು. ಉಪ್ಪು ಆವಿಯಾಗುವುದಿಲ್ಲ, ನೀರು ಬದಲಿಸಿದರೆ ಮಾತ್ರ ಹೋಗುತ್ತದೆ. ಆದ್ದರಿಂದ ಕಾಯಿಲೆ ಬಿದ್ದ ಮೀನನ್ನು ಹಿಡಿದು ಬೇರೆ ತೊಟ್ಟಿಯಲ್ಲಿ ಚಿಕಿತ್ಸೆ ಕೊಡಿ.

ಗಿಡಕ್ಕೆ ಹೇನು ಬಿದ್ದರೆ ಕೀಟನಾಶಕ ಹೊಡೆಯಬಾರದು. ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ತುಂಬಾ ಸ್ವಲ್ಪ ಬಿದ್ದರೂ ಮೀನು ಸಾಯಬಹುದು. ಬೇವಿನೆಣ್ಣೆ ಸಹಜ ಅಂತ ಅದನ್ನೂ ಹೊಡೆಯುವವರಿದ್ದಾರೆ, ಅದೂ ಮೀನಿಗೆ ಆಗುವುದಿಲ್ಲ. ಪೈಪ್ ಹಿಡಿದು ಜೋರಾಗಿ ನೀರು ಬಿಡಿ. ಹೇನು ಕೊಳಕ್ಕೆ ಬಿದ್ದರೆ ಮೀನು ಖುಷಿಯಿಂದ ತಿನ್ನುತ್ತದೆ. ಕಂಬಳಿಹುಳ ಇದ್ದರೆ ಕೈಯಿಂದ ಆರಿಸಿ.

ಕತ್ತರಿ ಹಿಡಿಯಿರಿ

ಗಿಡ ಒಮ್ಮೆ ಎದ್ದು ನಿಂತ ಮೇಲೆ ಬಹಳ ಜನ ಸುಮ್ನೆ ನೋಡುತ್ತಾ ಕೂರುತ್ತಾರೆ. ಗಿಡ ನೀರಿನಿಂದ ತೆಗೆದ ನೈಟ್ರೋಜನ್ ಎಲೆ ಕಾಂಡದಲ್ಲಿ ಕೂತಿರುತ್ತದೆ. ಆ ಎಲೆ ಹಾಸಿಗೇ ಉದುರಿ ಕೊಳೆತರೆ ಎಲ್ಲವೂ ವಾಪಸ್ ನೀರಿಗೆ. ಕತ್ತರಿಸಿ ಹೊರಗೆ ಒಯ್ದಾಗಲೇ ಅದು ಕೊಳದಿಂದ ನಿಜವಾಗಿ ಹೊರಗೆ ಹೋಯಿತು ಅಂತ ಲೆಕ್ಕ. ಹೂ ಮುಗಿದ ಕ್ಯಾನಾ ದಂಟನ್ನು ಬುಡದವರೆಗೂ ಕತ್ತರಿಸಿ, ಪಕ್ಕದಲ್ಲಿ ಹೊಸ ಮೊಳಕೆ ಬರುತ್ತದೆ. ಹಳದಿ ಎಲೆಯನ್ನು ವಾರಕ್ಕೊಮ್ಮೆ ತೆಗೆಯಿರಿ. ಪುದೀನ, ಒಂದೆಲಗ ಹಬ್ಬಿದಂತೆಲ್ಲ ಸವರುತ್ತಿರಿ. ಒಂದೇ ದಿನ ಎಲ್ಲವನ್ನೂ ಬೋಳು ಮಾಡಬೇಡಿ, ನೈಟ್ರೇಟ್ ತಿನ್ನುವವರು ಇಲ್ಲದೆ ಪಾಚಿ ಏಳುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗ ಸಾಕು.

ವರ್ಷಕ್ಕೊಮ್ಮೆ ಗಿಡ ಎತ್ತಿ ಭಾಗ ಮಾಡಿ. ಕ್ಯಾನಾ ಗೆಡ್ಡೆ ಒತ್ತಾಗಿ ಬೆಳೆದರೆ ನೀರು ಅದರ ನಡುವೆ ಹೋಗದೆ ಪಕ್ಕದಿಂದ ಸುಲಭದ ದಾರಿ ಹಿಡಿಯುತ್ತದೆ, ಒಳಗಿನ ಬೇರು ಕೊಳೆಯುತ್ತದೆ. ಹೊರಗಿನ ಎಳೆ ಗೆಡ್ಡೆ ಇಟ್ಟುಕೊಂಡು ನಡುವಿನ ಹಳೆಯದನ್ನು ಎಸೆಯಿರಿ. ಆರು ತಿಂಗಳಿಗೊಮ್ಮೆ ಮೇಲೆ ತಂದಿಟ್ಟ ಪೈಪ್‌ನ ಮುಚ್ಚಳ ತೆಗೆದು ಪಂಪ್ ಓಡಿಸಿ, ಬರುವ ಕರಿ ನೀರನ್ನು ಗಿಡಗಳಿಗೆ ಬಿಡಿ. ತಿಳಿಯಾದಾಗ ಮುಚ್ಚಿ. ಪಂಪ್‌ನ ಬಾಯಿಗೆ ಸ್ಪಂಜ್ ಹಾಕಿದ್ದರೆ ಈ ಕೆಸರು ಬಹಳ ಕಡಿಮೆ. ಆ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ ಕೊಳದ್ದೇ ನೀರಿನಲ್ಲಿ ಹಿಂಡಿ.

ಮೀನಿಗೆ ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಆಹಾರ. ಚಳಿಗೆ ನೀರು 10 ಡಿಗ್ರಿಗಿಂತ ಕೆಳಗೆ ಹೋಗುವ ಕಡೆ ಆಹಾರ ನಿಲ್ಲಿಸಿ, ಗಿಡವೂ ಆಗ ಬೆಳೆಯುವುದಿಲ್ಲ, ಬ್ಯಾಕ್ಟೀರಿಯಾ ಕೂಡ ಮಂದವಾಗುತ್ತವೆ. ಒಣಗಿದ ಎಲೆ ದಂಟು ಕತ್ತರಿಸಿ ತೆಗೆದು, ಬುಡ ಮಾತ್ರ ಬಿಡಿ. ನೀರು ಬೆಚ್ಚಗಾದ ಮೇಲೆ ಜಲ್ಲಿಯ ಸಂದಿಯಿಂದ ಕೆಂಪು ಮೂತಿಯ ಮೊಳಕೆ ಏಳುವುದು ಕಾಣುತ್ತದೆ, ಆಗ ಮೊದಲಿನಂತೆ ಒಂದು ಗಿಡ ಎತ್ತಿ ಬೇರು ನೋಡಿ.